ಪದಗಳ ಅರ್ಥ ಮೊಬೈಲ್‌ನಲ್ಲೇ ಸಿಗುವಾಗ ಗ್ರೀಕ್ ವ್ಯಾಕರಣ ಏಕೆ ಕಲಿಯಬೇಕು?

ಪ್ರಶ್ನೆ: ಕಾರವಾರದ ನಾವು ಕೆಲವರು ಸೇರಿ ಹೊಸ ಒಡಂಬಡಿಕೆಯ ಕೆಲವು ಭಾಗಗಳನ್ನು ಇಂದಿನ ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ್ದೇವೆ. ಅದರ ಮೂಲ ಭಾಷೆಯಾದ ಗ್ರೀಕ್‌ನ ಪದಗಳ ಅರ್ಥ ಮೊಬೈಲ್‌ನಲ್ಲೇ ಸಿಗುತ್ತದೆ, ಇಂಗ್ಲಿಷ್ ಅನುವಾದಗಳಿಗೂ ಬರವಿಲ್ಲ. ಹೀಗಿರುವಾಗ ಗ್ರೀಕ್ ವ್ಯಾಕರಣವನ್ನು ಕಲಿಯಲೇಬೇಕೆ? ಕಲಿಯುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ಕಲಿಯಲೇಬೇಕು. ಇಂಥ ಕೆಲಸ ಹಿಡಿದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ನಿಘಂಟು ಪದದ ಅರ್ಥವನ್ನು ಹೇಳುತ್ತದೆ. ಕೆಲಸ ಮುಗಿದಿತ್ತೋ ನಡೆಯುತ್ತಿತ್ತೋ, ಯಾರು ಯಾರಿಗಾಗಿ ಮಾಡಿದರು, ನಾಲ್ಕು ಕ್ರಿಯೆಗಳಲ್ಲಿ ಮುಖ್ಯವಾದದ್ದು ಯಾವುದು ಎಂಬುದು ಪದದ ರೂಪದಲ್ಲಿ, ಅದಕ್ಕೆ ಹತ್ತಿಕೊಂಡ ಪ್ರತ್ಯಯಗಳಲ್ಲಿರುತ್ತದೆ.

ಲೂಕನ ಸುವಾರ್ತೆಯ 5ನೆಯ ಅಧ್ಯಾಯವನ್ನು ತೆಗೆಯಿರಿ. ರಾತ್ರಿಯಿಡೀ ದುಡಿದರೂ ಬರಿಗೈಯಲ್ಲಿದ್ದ ಸೀಮೋನನೂ ಅವನ ಸಂಗಡಿಗರೂ ಯೇಸುವಿನ ಮಾತಿನ ಮೇಲೆ ಮತ್ತೆ ಬಲೆ ಹಾಕುತ್ತಾರೆ, ರಾಶಿ ಮೀನು ಬೀಳುತ್ತದೆ. 6ನೆಯ ವಚನದಲ್ಲಿ ಬಲೆಯ ಬಗ್ಗೆ ಬರುವ ಕ್ರಿಯಾಪದ ‘ದಿಯೆರ್ರೆಸ್ಸೆತೊ’. 1611ರ ಕಿಂಗ್ ಜೇಮ್ಸ್ ಅನುವಾದ ಇದನ್ನು ‘ಬಲೆ ಹರಿಯಿತು’ ಎಂದು ಮುಗಿಸಿದೆ. ಇಂಗ್ಲಿಷನ್ನೇ ನೆಚ್ಚಿ ಹಾಗೆಯೇ ಕನ್ನಡಕ್ಕೆ ತಂದು ಬೈತಖೋಲ ಬಂದರಿನಲ್ಲಿ ಓದಿದರೆ, ಅಲ್ಲಿ ಬಲೆ ರಿಪೇರಿಗೆ ಕುಳಿತವರು ಮೊದಲು ಕೇಳುವುದು ಇದನ್ನೇ: ಬಲೆ ಹರಿದ ಮೇಲೆ ಮೀನು ಉಳಿಯುವುದು ಹೇಗೆ? ಮುಂದಿನ ವಚನದಲ್ಲಿ ಒಂದಲ್ಲ, ಎರಡು ದೋಣಿಗಳು ತುಂಬುತ್ತವೆ. ಗ್ರೀಕ್ ಮೂಲದಲ್ಲಿ ಈ ತೊಡಕೇ ಇಲ್ಲ. ಕ್ರಿಯಾಪದ ಇಂಪರ್ಫೆಕ್ಟ್ ರೂಪದಲ್ಲಿದೆ. ಅಂದರೆ ಆಗ ನಡೆಯುತ್ತಿದ್ದ, ಇನ್ನೂ ಪೂರ್ತಿಯಾಗದ ಕ್ರಿಯೆ. ಬಲೆಗಳು ಹರಿಯತೊಡಗಿದ್ದವು. ಅದಕ್ಕೇ ಇನ್ನೊಂದು ದೋಣಿಯವರಿಗೆ ಸನ್ನೆ ಮಾಡಿ ಕರೆಯುತ್ತಾರೆ. ದೋಣಿಗಳು ಮುಳುಗುವ ಮಾತೂ ಹಾಗೆಯೇ: ಮುಳುಗುವಂತಾದವು, ಮುಳುಗಲಿಲ್ಲ. ಯೋಹಾನ 21:11ಕ್ಕೆ ಬನ್ನಿ. 153 ದೊಡ್ಡ ಮೀನುಗಳಿದ್ದರೂ ಬಲೆ ಹರಿಯಲಿಲ್ಲ ಎನ್ನುವಾಗ ಯೋಹಾನನು ಬಳಸುವುದು ಅಯೊರಿಸ್ಟ್ ರೂಪವನ್ನು. ನಡೆದದ್ದನ್ನು ಇಡಿಯಾಗಿ ಹಿಡಿದು ಹೇಳುವ ರೂಪ ಅದು.

ಲೂಕನ ಇದೇ ವಾಕ್ಯದಲ್ಲಿ ‘ಬಲೆಗಳು’ ಬಹುವಚನ, ಕ್ರಿಯಾಪದ ಏಕವಚನ. ಆ್ಯಪ್ ಹೀಗೆ ತೋರಿಸಿದರೆ ಗಾಬರಿ ಬೇಡ. ಗ್ರೀಕ್‌ನಲ್ಲಿ ನಪುಂಸಕ ಬಹುವಚನದ ಕರ್ತೃವಿಗೆ ಸಾಮಾನ್ಯವಾಗಿ ಏಕವಚನದ ಕ್ರಿಯಾಪದವೇ ಬರುತ್ತದೆ. ‘ಹತ್ತು ಕಾಯಿ ಬಿತ್ತು’ ಎನ್ನುವ ನಮಗೆ ಇದೇನೂ ಹೊಸದಲ್ಲ.

ನಾನು ಒತ್ತಿ ಹೇಳಬೇಕೆಂದಿರುವ ಮಾತೂ ಇದೇ. ಗ್ರೀಕ್ ಕಲಿಸುವ ಪುಸ್ತಕಗಳು ಬಹುಪಾಲು ಇಂಗ್ಲಿಷ್‌ನಲ್ಲಿವೆ, ಇಂಗ್ಲಿಷ್ ಬಲ್ಲವರಿಗೆ ಕಷ್ಟವಾಗುವುದನ್ನು ಬಿಡಿಸಿ ಹೇಳುವುದಕ್ಕೇ ಅವು ಬರೆಯಲ್ಪಟ್ಟಿವೆ. ಅವರ ಕಷ್ಟ ನಮ್ಮ ಕಷ್ಟವಲ್ಲ. ‘ತೊಳೆ’ ಮತ್ತು ‘ತೊಳೆದುಕೊ’ ಎರಡರ ವ್ಯತ್ಯಾಸವನ್ನು ನಮ್ಮಲ್ಲಿ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಯೋಹಾನ 13:5ರಲ್ಲಿ ಯೇಸು ಶಿಷ್ಯರ ಕಾಲುಗಳನ್ನು ತೊಳೆಯುವಾಗ ಕ್ರಿಯಾಪದ ಕರ್ತರಿಯಲ್ಲಿದೆ; ಮಾರ್ಕ 7:3ರಲ್ಲಿ ಜನರು ಊಟಕ್ಕೆ ಮುಂಚೆ ಕೈ ತೊಳೆದುಕೊಳ್ಳುವಾಗ ಅದೇ ಧಾತು, ಕರ್ತರಿಯೂ ಕರ್ಮಣಿಯೂ ಅಲ್ಲದ, ಮಿಡ್ಲ್ ಎಂಬ ಮೂರನೆಯ ಪ್ರಯೋಗಕ್ಕೆ ಹೊರಳುತ್ತದೆ. ಇಂಗ್ಲಿಷ್ ಪುಸ್ತಕ ಪುಟಗಟ್ಟಲೆ ವಿವರಿಸುವ ಈ ಸಂಗತಿಯನ್ನು ಕನ್ನಡದ ‘ಕೊಳ್ಳು’ ಎಷ್ಟೋ ಕಡೆ ಸುಲಭವಾಗಿ ಹಿಡಿಯುತ್ತದೆ.

ಕೃದಂತಗಳಲ್ಲಂತೂ, ಅಂದರೆ ‘ಮಾಡಿ’, ‘ಮಾಡುತ್ತಾ’ ಎಂಬಂತೆ ಕ್ರಿಯಾಪದದಿಂದ ಹುಟ್ಟಿದ ರೂಪಗಳಲ್ಲಂತೂ, ಈ ಅನುಕೂಲ ಇನ್ನೂ ಹೆಚ್ಚು. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಹೋಗುವುದು, ಶಿಷ್ಯರನ್ನಾಗಿ ಮಾಡುವುದು, ದೀಕ್ಷಾಸ್ನಾನ ಕೊಡುವುದು, ಬೋಧಿಸುವುದು ಎಂಬ ನಾಲ್ಕು ಕ್ರಿಯೆಗಳು ಬರುತ್ತವೆ. ಗ್ರೀಕ್‌ನಲ್ಲಿ ಆಜ್ಞಾರ್ಥಕ ರೂಪ ಒಂದೇ, ‘ಶಿಷ್ಯರನ್ನಾಗಿ ಮಾಡಿರಿ’ ಎಂಬುದು. ಉಳಿದ ಮೂರೂ ಕೃದಂತಗಳು. ‘ನೀವು ಹೋಗಿ, ದೀಕ್ಷಾಸ್ನಾನ ಕೊಡುತ್ತಾ, ಬೋಧಿಸುತ್ತಾ, ಶಿಷ್ಯರನ್ನಾಗಿ ಮಾಡಿರಿ’ ಎಂದರೆ ಗ್ರೀಕ್ ವಾಕ್ಯದ ಹಂದರವೇ ಕನ್ನಡದಲ್ಲಿ ನಿಲ್ಲುತ್ತದೆ. ‘ಹೋಗಿ’ ಎಂಬುದು ಆಜ್ಞಾರ್ಥಕ ರೂಪವಲ್ಲದಿದ್ದರೂ ಆಜ್ಞೆಯ ಬಲ ಅದರ ಮೇಲೂ ಇದೆ. ಎರಡು ಭಾಷೆಗಳಲ್ಲೂ ಹೀಗೆಯೇ.

ಆದರೆ ಹೊಂದಿಕೆ ಪೂರ್ತಿಯಲ್ಲ, ಎಡವುವುದು ಇಲ್ಲಿಯೇ. ‘ಮಾಡಿ’, ‘ಹೋಗಿ’ ಎಂದರೆ ಸಾಮಾನ್ಯವಾಗಿ ಆ ಕೆಲಸ ಮೊದಲು ಮುಗಿಯಬೇಕು. ಗ್ರೀಕ್‌ನ ಅಯೊರಿಸ್ಟ್ ಕೃದಂತಕ್ಕೆ ಆ ಕಟ್ಟುಪಾಡಿಲ್ಲ. ಸುವಾರ್ತೆಗಳಲ್ಲಿ ಮತ್ತೆ ಮತ್ತೆ ಬರುವ ‘ಉತ್ತರಿಸಿ ಹೇಳಿದನು’ ಎಂಬ ನುಡಿಗಟ್ಟಿನಲ್ಲಿ ಉತ್ತರಿಸುವುದೂ ಹೇಳುವುದೂ ಒಂದೇ ಕ್ರಿಯೆ. ಹಾಗೆಯೇ ಇಳಿಸಿದರೆ ಎರಡು ಸಲ ಮಾತನಾಡಿದಂತೆ ಕೇಳಿಸುತ್ತದೆ. ‘ಉತ್ತರಿಸಿದನು’ ಎಂದರೆ ಸಾಕು. ಎರಡನೆಯ ತೊಡಕು ಕರ್ತೃವಿನದು. ಕನ್ನಡದಲ್ಲಿ ‘ಹೋಗಿ’ ಮತ್ತು ‘ಮಾಡಿರಿ’ ಎರಡಕ್ಕೂ ಕರ್ತೃ ಒಬ್ಬನೇ ಇರಬೇಕು. ಗ್ರೀಕ್ ಕೃದಂತ ವಾಕ್ಯದ ಯಾವ ನಾಮಪದವನ್ನು ಬೇಕಾದರೂ ಹಿಡಿದುಕೊಳ್ಳಬಹುದು. ಯಾವುದನ್ನು ಹಿಡಿದಿದೆ ಎಂದು ತಿಳಿಯಲು ಅದರ ಲಿಂಗ, ವಚನ, ವಿಭಕ್ತಿಗಳನ್ನು ನೋಡಲೇಬೇಕು.

ಕರ್ತೃವೇ ಬೇರೆಯಾದಾಗ ಗ್ರೀಕ್‌ನಲ್ಲಿ ನಾಮಪದವೂ ಕೃದಂತವೂ ಷಷ್ಠಿಯಲ್ಲಿ ನಿಲ್ಲುತ್ತವೆ. ಮಾರ್ಕ 5:35ರ ‘ಅವನು ಇನ್ನೂ ಮಾತನಾಡುತ್ತಿರುವಾಗಲೇ’ ಎಂಬುದು ಅಂಥದು. ಶಿರಸಿ, ಗೋಕರ್ಣದ ಕಡೆ ಸಂಸ್ಕೃತ ಓದಿದವರು ನಿಮ್ಮ ಗುಂಪಿನಲ್ಲಿದ್ದರೆ ಅವರಿಗೆ ಇದು, ಇಂಥಲ್ಲಿ ಸಂಸ್ಕೃತವು ಸಪ್ತಮಿಯನ್ನು ಬಳಸುವ ಸತಿಸಪ್ತಮಿಯ ಸೋದರನೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಂಥವರನ್ನು ಬಿಡಬೇಡಿ. ಷಷ್ಠಿಯ ಇನ್ನೊಂದು ಪ್ರಶ್ನೆಗೂ ಅವರು ಬೇಕು. 2 ಕೊರಿಂಥ 5:14ರ ‘ಕ್ರಿಸ್ತನ ಪ್ರೀತಿ’ ಎಂದರೆ ಕ್ರಿಸ್ತನು ತೋರಿದ ಪ್ರೀತಿಯೋ, ಕ್ರಿಸ್ತನ ಮೇಲೆ ನಮಗಿರುವ ಪ್ರೀತಿಯೋ? ಷಷ್ಠಿ ಕರ್ತೃವಿಗೂ ಬರುತ್ತದೆ, ಕರ್ಮಕ್ಕೂ ಬರುತ್ತದೆ ಎಂದು ಪಾಣಿನಿ ‘ಕರ್ತೃಕರ್ಮಣೋಃ ಕೃತಿ’ ಎಂಬ ಸೂತ್ರದಲ್ಲಿ ಹೇಳಿದ್ದಾನೆ. ಗ್ರೀಕ್ ವ್ಯಾಕರಣಕಾರರು ಚರ್ಚಿಸುವುದೂ ಇದೇ ಭೇದವನ್ನು. ಪೌಲನ ಆ ಮಾತನ್ನು ನಾನು ಕರ್ತೃವಿನ ಪಕ್ಷದಲ್ಲೇ ಓದುತ್ತೇನೆ, ಏಕೆಂದರೆ ಅದೇ ವಾಕ್ಯ ಮುಂದುವರಿದು ‘ಎಲ್ಲರಿಗೋಸ್ಕರ ಒಬ್ಬನು ಸತ್ತನು’ ಎನ್ನುತ್ತದೆ. ಕನ್ನಡದ ‘ಕ್ರಿಸ್ತನ ಪ್ರೀತಿ’ಯೂ ಅತ್ತಲೇ ವಾಲುತ್ತದೆ.

ಈ ಗ್ರೀಕ್ ಪಂಡಿತರ ಕೃತಕ ಭಾಷೆಯಲ್ಲ ಎಂಬುದೂ ಗೊತ್ತಿರಲಿ. 19ನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರಳಿನಿಂದ ಹೊರಬಂದ ಪಪೈರಸ್ ಹಾಳೆಗಳಲ್ಲಿ ಕಾಗದಪತ್ರ, ಲೆಕ್ಕ, ರಸೀದಿಗಳೆಲ್ಲ ಇದೇ ಬಳಕೆಯ ಕೊಯ್ನೆ ಗ್ರೀಕ್‌ನಲ್ಲಿದ್ದವು. ಅಂಥ ಹಾಳೆಗಳು ಸಿಕ್ಕ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ರಾಶಿಯಲ್ಲಿ ಭಾರತದ ಕರಾವಳಿಯಲ್ಲಿ ನಡೆಯುವ ಒಂದು ಗ್ರೀಕ್ ಪ್ರಹಸನವೂ ಸಿಕ್ಕಿತು. ಅದರಲ್ಲಿನ ಕೆಲವು ಪರಭಾಷೆಯ ಮಾತುಗಳು ಕನ್ನಡದವೆಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಷ್ ಸೂಚಿಸಿದರು. ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತವಿಲ್ಲವಾದರೂ ಕರಾವಳಿಯವರಾದ ನೀವು ತಿಳಿದಿರಬೇಕಾದ ವಿಷಯ.

ಇನ್ನು ಆರಂಭದ ಮಾತು. ನಾಮಪದಗಳ ಮೂರು ರೂಪಾವಳಿ, ಕ್ರಿಯಾಪದದ ವರ್ತಮಾನ, ಇಂಪರ್ಫೆಕ್ಟ್, ಅಯೊರಿಸ್ಟ್, ಪರ್ಫೆಕ್ಟ್, ಜೊತೆಗೆ ಕೃದಂತಗಳು: ಇಷ್ಟು ಬಾಯಿಗೆ ಬಂದರೆ ಮಾರ್ಕನನ್ನು ಓದಲು ತೊಡಗಬಹುದು. ಪಠ್ಯಪುಸ್ತಕದ ಪ್ರತಿ ಉದಾಹರಣೆಯ ಪಕ್ಕದಲ್ಲಿ ಇಂಗ್ಲಿಷ್ ಅರ್ಥವನ್ನು ಬಿಟ್ಟು ಕನ್ನಡ ವಾಕ್ಯವನ್ನೇ ಬರೆಯಿರಿ. 1894ರಲ್ಲಿ ನಿಘಂಟನ್ನು ಕೊಟ್ಟ ಕಿಟೆಲ್ 1903ರಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣವೂ ಮೇಜಿನ ಮೇಲಿರಲಿ. ನಮ್ಮ ಭಾಷೆಯ ವ್ಯಾಕರಣ ಸಡಿಲವಾಗಿದ್ದರೆ ಗ್ರೀಕ್ ಎಷ್ಟು ಬಂದರೂ ಅನುವಾದ ಕುಂಟುತ್ತದೆ. ಎಫೆಸದವರಿಗೆ ಬರೆದ ಪತ್ರವನ್ನು ಮಾತ್ರ ತಡವಾಗಿ ತೆಗೆದುಕೊಳ್ಳಿ. ಅದರ ಮೊದಲ ಅಧ್ಯಾಯದ 3ರಿಂದ 14ನೆಯ ವಚನದವರೆಗೆ ಗ್ರೀಕ್‌ನಲ್ಲಿ ಒಂದೇ ವಾಕ್ಯ, ಸುಮಾರು ಇನ್ನೂರು ಪದ. ಅಲ್ಲಿ ವಿಶೇಷಣ ವಾಕ್ಯಗಳು ನಾಮಪದದ ನಂತರ ಒಂದರ ಹಿಂದೊಂದು ಬರುತ್ತವೆ, ಕನ್ನಡದಲ್ಲಿ ಅವೆಲ್ಲ ನಾಮಪದಕ್ಕೆ ಮೊದಲೇ ಬರಬೇಕು. ವಾಕ್ಯವನ್ನು ಒಡೆಯದೆ ಗತ್ಯಂತರವಿಲ್ಲ. ‘ಆತನಲ್ಲಿ’ ಎಂಬ ಮಾತು ಎಲ್ಲೆಲ್ಲಿ ಮರಳುತ್ತದೆಯೋ ಅಲ್ಲಿ ಒಡೆದು ನೋಡಿ, ಒಡೆದ ಪ್ರತಿ ತುಂಡಿನ ಆರಂಭದಲ್ಲೂ ಕರ್ತೃ ಯಾರೆಂದು ಬರೆದುಕೊಳ್ಳಿ.