ಕಾರ್ವಿಂಗ್ ಎಂದರೆ ಕೆತ್ತನೆಯಲ್ಲ

ಸ್ಕೀ ಮಾರುವ ಜಾಲತಾಣವೊಂದರ ಕನ್ನಡ ಪುಟದಲ್ಲಿ ಮೊನ್ನೆ 'ಉತ್ತಮ ಗುಣಮಟ್ಟದ ಕೆತ್ತನೆ ಸ್ಕೀಗಳು' ಎಂಬ ಸಾಲು ಕಣ್ಣಿಗೆ ಬಿತ್ತು. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಹಲಗೆ ಸ್ಕೀ; ಇಂಗ್ಲಿಷಿನ 'ಕಾರ್ವಿಂಗ್ ಸ್ಕೀ' ಇಲ್ಲಿ ಹೀಗೆ ಕನ್ನಡವಾಗಿದೆ. ಈ ಚಳಿಗಾಲದಲ್ಲಿ ಇದು ನಾಲ್ಕನೆಯ ಸಲ. ಓದಿದವರು ಏನೆಂದುಕೊಳ್ಳಬೇಕು? ಬೇಲೂರಿನ ಮದನಿಕೆಯರನ್ನು ಹಲಗೆಯ ಮೇಲೆ ಕೆತ್ತಿ ಹಿಮದಲ್ಲಿ ಜಾರಲು ಬಿಡುತ್ತಾರೆ ಎಂದೇ? ಅದೇ ವಾರ ಓದಿದ ಪ್ರವಾಸ ಲೇಖನವೊಂದರಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನ ಇಳಿಜಾರಿನಲ್ಲಿ ಎಡಕ್ಕೋ ಬಲಕ್ಕೋ ಹೊರಳಿದವರೆಲ್ಲರೂ 'ಕಾರ್ವಿಂಗ್' ಮಾಡಿಬಿಟ್ಟಿದ್ದರು. ಅಲ್ಲಿ ಅನುವಾದ ಕೆಟ್ಟಿದೆ, ಇಲ್ಲಿ ಅರ್ಥವೇ ಕೆಟ್ಟಿದೆ.

ಇಂಗ್ಲಿಷಿನ ಕಾರ್ವ್ ಪದದ ಹಳೆಯ ರೂಪ 'ಚೆಯೋರ್ಫನ್'. ಅದರ ಅರ್ಥ ಕತ್ತರಿಸು, ಕೊಯ್ಯು. ಜರ್ಮನ್ ಭಾಷೆಯ 'ಕೆರ್ಬೆನ್', ಅಂದರೆ ಕಚ್ಚು ಹಾಕುವುದು, ಇದರ ದಾಯಾದಿ. ಇನ್ನೂ ದೂರದ ನೆಂಟ ಗ್ರೀಕ್‌ನ 'ಗ್ರಾಫೈನ್': ಮೊದಲು ಗೀಚುವುದು, ಆಮೇಲೆ ಬರೆಯುವುದು. ನಮ್ಮ ಗಣಿತ ಪುಸ್ತಕದ ಗ್ರಾಫ್ ಬಂದದ್ದು ಅಲ್ಲಿಂದಲೇ. ಹೀಗಾಗಿ ಈ ಮಾತಿನ ಬುಡದಲ್ಲಿರುವುದು ಶಿಲ್ಪವಲ್ಲ, ಹರಿತವಾದದ್ದೊಂದು ಹಾದುಹೋಗಿ ಉಳಿಸಿದ ಗೆರೆ. ಮರ, ಕಲ್ಲು, ಊಟದ ಮೇಜಿನ ಮಾಂಸ ಇವೆಲ್ಲ ಆ ಪದದ ಒಂದೊಂದು ಬಳಕೆ ಮಾತ್ರ. ನಿಘಂಟು ತೆರೆದ ಅನುವಾದಕರು ಮೊದಲು ಸಿಕ್ಕ 'ಕೆತ್ತು' ಎಂಬಲ್ಲೇ ಪುಟ ಮುಚ್ಚುತ್ತಾರೆ.

ಕನ್ನಡದಲ್ಲಿ ಪದಗಳಿಗೆ ಬರವಿದ್ದರೆ ಕ್ಷಮಿಸಬಹುದಿತ್ತು. ಕೆತ್ತು, ಕೊರೆ, ಸೀಳು, ಹೆರೆ, ಗೀರು ಎಲ್ಲವೂ ಹರಿತವಾದ ವಸ್ತುವಿನ ಕೆಲಸಗಳೇ, ಆದರೆ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಕೆತ್ತುವವನು ಏಟಿಗೊಂದು ಚೂರು ಎಬ್ಬಿಸುತ್ತಾನೆ. ಹೆರೆಯುವವನು ಅಲಗನ್ನು ಅಡ್ಡ ಹಿಡಿದು ಮೇಲ್ಮೈಯನ್ನು ತೆಳುವಾಗಿ ಸವರಿ ತೆಗೆಯುತ್ತಾನೆ. ಗೀರುವವನು ಮೊನೆ ಊರಿದ ಮೇಲೆ ಕೈ ಎತ್ತದೆ ಎಳೆಯುತ್ತಾನೆ. ಸ್ಕೀ ಮೇಲೆ ತಿರುಗುವ ಎರಡು ಬಗೆಗಳಿಗೆ ಈ ಕೊನೆಯ ಎರಡು ಪದಗಳು ಅಳತೆ ತೆಗೆದು ಹೊಲಿದಂತಿವೆ. ಹಲಗೆ ಅಡ್ಡವಾಗಿ ಜಾರುತ್ತ, ಹಿಮವನ್ನು ಪಕ್ಕಕ್ಕೆ ತಳ್ಳುತ್ತ ತಿರುಗಿದರೆ ಅದು ಹೆರೆದ ತಿರುವು. ಹಲಗೆಯ ಮೂತಿ, ಅಂದರೆ ಮುಂತುದಿ, ಹೋದ ಜಾಡಿನಲ್ಲೇ ಹಿಂತುದಿಯಾದ ಬಾಲವೂ ಹೋದರೆ ಮಾತ್ರ ಅದು ಗೀರಿದ ತಿರುವು, ಅದೇ ಕಾರ್ವಿಂಗ್. ಅನುಮಾನವಿದ್ದರೆ ಇಳಿದ ಮೇಲೆ ಹಿಂದಿರುಗಿ ನೋಡಬಹುದು: ಗೀರಿದವನ ಹಿಂದೆ ಎರಡು ತೆಳು ಗೆರೆಗಳಿರುತ್ತವೆ, ಹೆರೆದವನ ಹಿಂದೆ ಕಸಬರಿಕೆ ಆಡಿಸಿದ ಅಂಗಳವಿರುತ್ತದೆ.

ಹೆಸರಿಗೆ ಕಾರ್ವಿಂಗ್ ಸ್ಕೀ ಎಂದೇ ಇರಲಿ, ಅಡ್ಡಿಯಿಲ್ಲ. 'ಕೆತ್ತನೆ ಸ್ಕೀ' ಮಾತ್ರ ಬೇಡ. ಅದು ಕೆತ್ತಿದ ಸ್ಕೀಯೋ ಕೆತ್ತುವ ಸ್ಕೀಯೋ ಎಂಬುದನ್ನೂ ಹೇಳುವುದಿಲ್ಲ.

ಈ ಸ್ಕೀಯ ಮೂತಿ ಮತ್ತು ಬಾಲ ಅಗಲ, ನಡು ಕಿರಿದು. ಅಂಚಿನ ಮೇಲೆ ವಾಲಿಸಿ ಭಾರ ಹಾಕಿದಾಗ ನಡು ಹಿಮಕ್ಕೆ ಇಳಿಯುತ್ತದೆ, ಹಲಗೆ ಬಿಲ್ಲಿನಂತೆ ಬಾಗುತ್ತದೆ, ಬಾಗಿದ ಅಂಚೇ ದಾರಿಯಾಗುತ್ತದೆ. ನಡು ಕಿರಿದಾದ ಸ್ಕೀ 19ನೆಯ ಶತಮಾನದಲ್ಲೇ ನಾರ್ವೆಯ ಟೆಲೆಮಾರ್ಕ್‌ನಲ್ಲಿತ್ತು. ಕಣ್ಣಿಗೆ ಹೊಡೆಯುವಷ್ಟು ನಡು ಸಣ್ಣದಾದದ್ದು 1990ರ ದಶಕದಲ್ಲಿ, ಸ್ಲೊವೇನಿಯಾದ ಎಲಾನ್ ಕಂಪನಿಯ ಎಸ್‌ಸಿಎಕ್ಸ್ ಬಂದಾಗ. ಹಾಗೆಂದು ಅದಕ್ಕೂ ಮೊದಲು ಕಾರ್ವಿಂಗ್ ಇರಲಿಲ್ಲವೆಂದಲ್ಲ. 86 ವಿಶ್ವಕಪ್ ಸ್ಪರ್ಧೆಗಳನ್ನು ಗೆದ್ದ ಸ್ವೀಡನ್ನಿನ ಸ್ಕೀ ಓಟಗಾರ ಇಂಗೆಮಾರ್ ಸ್ಟೆನ್‌ಮಾರ್ಕ್ ಅದೇ ಕಂಪನಿಯ ಉದ್ದನೆಯ, ಹೆಚ್ಚುಕಡಿಮೆ ನೇರವಾದ ಹಲಗೆಗಳನ್ನು ಬಾಗಿಸಿಯೇ ಗೀರುತ್ತಿದ್ದರು. ಹೊಸ ಆಕಾರದಿಂದ ಆ ವಿದ್ಯೆ ಸಾಮಾನ್ಯರ ಕೈಗೂ ಎಟುಕಿತು, ಅಷ್ಟೇ.

ಕಾರ್ವಿಂಗ್ ಸ್ಕೀಯ ಗುಣ ಅಳೆಯುವಾಗ ಎಲ್ಲರೂ ಎಡವುವುದು ಹಲಗೆಯ ಮೇಲೆ ಅಚ್ಚಾದ ತ್ರಿಜ್ಯದಲ್ಲಿ. 14 ಮೀಟರ್ ಎಂದಿದ್ದರೆ ಈ ಸ್ಕೀ 14 ಮೀಟರ್ ತ್ರಿಜ್ಯದಲ್ಲಿ ಮಾತ್ರ ತಿರುಗುತ್ತದೆ ಎಂದು ವಿಮರ್ಶೆಗಳು ಧೈರ್ಯವಾಗಿ ಬರೆಯುತ್ತವೆ. ಆ ಸಂಖ್ಯೆ ಹಲಗೆಯ ಪಕ್ಕದ ಕಮಾನಿನದು, ತಿರುವಿನದಲ್ಲ. ಹೆಚ್ಚು ವಾಲಿಸಿದಷ್ಟೂ ತಿರುವು ಬಿಗಿಯಾಗುತ್ತದೆ: ಗಟ್ಟಿ ಹಿಮದಲ್ಲಿ 60 ಡಿಗ್ರಿ ವಾಲಿಸಿದರೆ ಅದೇ ಸ್ಕೀ ಸುಮಾರು 7 ಮೀಟರ್ ತ್ರಿಜ್ಯದಲ್ಲಿ ತಿರುಗಬಲ್ಲದು. ಸಂಖ್ಯೆ ಹಲಗೆಯ ಸ್ವಭಾವ ಹೇಳುತ್ತದೆ, ಉಳಿದದ್ದು ಸವಾರನ ಕಾಲಿನದು. ನೆಟ್ಟ ಕಂಬಗಳ ನಡುವೆ ತಿರುಗುತ್ತ ಇಳಿಯುವ ಜೈಂಟ್ ಸ್ಲಾಲಮ್ ಓಟದಲ್ಲಿ ಪುರುಷರ ಸ್ಕೀಗೆ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2012ರಲ್ಲಿ ಕನಿಷ್ಠ 35 ಮೀಟರ್ ತ್ರಿಜ್ಯ ವಿಧಿಸಿ, ಓಟಗಾರರು ಗೊಣಗಿದ ಮೇಲೆ 2017ರಲ್ಲಿ 30ಕ್ಕೆ ಇಳಿಸಿತು. ತಿರುವು ಅತಿ ಬಿಗಿಯಾದರೆ ಮೊಣಕಾಲಿಗೆ ಪೆಟ್ಟು ಎಂಬ ಭಯ ಆ ನಿಯಮದ ಹಿಂದಿತ್ತು.

ತ್ರಿಜ್ಯಕ್ಕಿಂತ ಹೆಚ್ಚಾಗಿ ಕೇಳಬೇಕಾದದ್ದು, ಹಲಗೆ ಉದ್ದಕ್ಕೆ ಸರಾಗವಾಗಿ ಬಾಗುತ್ತದೆಯೇ, ಆದರೆ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳದೆ ನಿಲ್ಲುತ್ತದೆಯೇ ಎಂದು. ತಿರುಚಿಕೊಂಡರೆ ಮೂತಿಯ ಹಿಡಿತ ತಪ್ಪುತ್ತದೆ, ಗೀರು ಹೋಗಿ ಹೆರೆ ಆಗುತ್ತದೆ. ಒಳಗೆ ಟೈಟಾನಲ್ ತಗಡು ಹಾಕುವುದು ಈ ಬಿಗಿಗಾಗಿ, ಕಂಪನ ಇಳಿಸಲಿಕ್ಕೂ ಹೌದು. (ಟೈಟಾನಲ್ ಎಂದರೆ ಟೈಟಾನಿಯಂ ಅಲ್ಲ, ಅಲ್ಯುಮಿನಿಯಂ ಮಿಶ್ರಲೋಹ. ಇದನ್ನೂ ಎಷ್ಟು ಸಲ ಹೇಳಬೇಕೋ.)

ಎಲ್ಲ ಸ್ಕೀಗೂ ಈ ಪದ ಹೊಂದುವುದಿಲ್ಲ. ಕೊಡಗಿನ ಸ್ಕೀ ಪಟು ಭವಾನಿ ತೆಕ್ಕಡ ನಂಜುಂಡ ಅವರ ಸ್ಪರ್ಧೆ ಕ್ರಾಸ್ ಕಂಟ್ರಿ, ಅಂದರೆ ಹಿಮದ ಮೇಲೆ ಸ್ವಂತ ಬಲದಿಂದ ದೂರ ಸಾಗುವ ಓಟ. ಆ ಸಪೂರ ಸ್ಕೀಗಳಿಗೆ ಸಾಮಾನ್ಯವಾಗಿ ಉಕ್ಕಿನ ಅಂಚೇ ಇರುವುದಿಲ್ಲ. ಅಲ್ಲಿ ಕಾರ್ವಿಂಗ್ ಪದಕ್ಕೆ ಕೆಲಸವಿಲ್ಲ. ಇನ್ನು ಗುಲ್ಮಾರ್ಗ್. ಅದರ ಮೇಲ್ಭಾಗದ ಅಫರ್ವಾಟ್ ಇಳಿಜಾರು ಹೆಸರಾದದ್ದೇ ಹೊಸದಾಗಿ ಬಿದ್ದ ಆಳವಾದ ಮೆತ್ತನೆ ಹಿಮಕ್ಕೆ. ಕಾರ್ವಿಂಗ್ ಸ್ಕೀಯ ನಡು 65ರಿಂದ 75 ಮಿಲಿಮೀಟರ್. ಅಲ್ಲಿ ಅದು ಹೂತುಹೋಗುತ್ತದೆ ಎಂದೇ ಬಲ್ಲವರು 100 ಮಿಲಿಮೀಟರಿನ ಆಸುಪಾಸಿನ ಅಗಲ ಹಲಗೆ ಕಟ್ಟಿಕೊಳ್ಳುತ್ತಾರೆ. ಅಂಚು ಕಚ್ಚಲು ಯಂತ್ರ ಓಡಿಸಿ ಬಿಗಿಮಾಡಿದ ಹಿಮ ಬೇಕು. ಮೊಣಕಾಲುದ್ದ ಹಿಮಪುಡಿಯಲ್ಲಿ ತೇಲಿ ಬಂದ ಆ ಲೇಖನದ ಪ್ರವಾಸಿಗಳು ಮಾಡಿದ್ದು ಖುಷಿಯ ಕೆಲಸವೇ, ಕಾರ್ವಿಂಗ್ ಮಾತ್ರ ಅಲ್ಲ.