ಓದುಗರ ಪ್ರಶ್ನೆ: ಉತ್ತರ ವೇಲ್ಸ್‌ನವರು ‘ಗೊಗ್’ ಆದದ್ದು ಹೇಗೆ?

ಪ್ರಶ್ನೆ: ಮಗಳು ದಕ್ಷಿಣ ವೇಲ್ಸ್‌ನ ಕಾರ್ಡಿಫ್‌ನಲ್ಲಿದ್ದಾಳೆ. ಅವಳ ಆಫೀಸಿನಲ್ಲಿ ಉತ್ತರ ವೇಲ್ಸ್‌ನ ಹುಡುಗನೊಬ್ಬನನ್ನು ಎಲ್ಲರೂ ‘ಗೊಗ್’ ಅನ್ನುತ್ತಾರಂತೆ, ಅವನಾಡುವ ವೆಲ್ಷ್‌ಗೂ ಅದೇ ಹೆಸರಂತೆ. ಇದು ಬೈಬಲ್ಲಿನಲ್ಲಿ ದಂಡೆತ್ತಿ ಬರುವ ಗೋಗ–ಮಾಗೋಗರಿಂದ ಬಂತು ಅನ್ನುವುದು ನಿಜವೇ?

ಉತ್ತರ: ಅಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕ ತಪ್ಪಿದೆ. ವೆಲ್ಷ್‌ನಲ್ಲಿ ಉತ್ತರ ದಿಕ್ಕಿಗೆ ‘ಗೊಗ್ಲೆದ್’ ಅನ್ನುತ್ತಾರೆ. ಅದರ ತಲೆ ಉಳಿಸಿಕೊಂಡು ಬಾಲ ಕತ್ತರಿಸಿದರೆ ‘ಗೊಗ್’. ದಕ್ಷಿಣದವರು ತಮಾಷೆಗೆ ಹಾಗೆ ಕರೆಯುತ್ತಾರೆ, ಉತ್ತರದವರೂ ತಮ್ಮನ್ನು ಹಾಗೇ ಹೇಳಿಕೊಳ್ಳುತ್ತಾರೆ. ಪ್ರಶ್ನೆಗೆ ಉತ್ತರ ಇಷ್ಟೇ.

ಆದರೆ ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ. ‘ಸರ್, ಯೆಹೆಜ್ಕೇಲನ ಗ್ರಂಥದಲ್ಲಿ ಗೋಗ ಬರುವುದು ಉತ್ತರ ದಿಕ್ಕಿನಿಂದಲೇ ಅಲ್ಲವೇ?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಹೌದು, 38ನೇ ಅಧ್ಯಾಯದಲ್ಲಿ ಹಾಗೇ ಇದೆ. 1588ರಲ್ಲಿ ವಿಲಿಯಂ ಮಾರ್ಗನ್ ಇಡೀ ಬೈಬಲ್ಲನ್ನು ವೆಲ್ಷ್‌ಗೆ ತಂದರು, ಅವರೂ ಉತ್ತರದ ಪೆನ್‌ಮಾಕ್ನೊ ಕಡೆಯವರೇ. ವೆಲ್ಷ್ ಬೈಬಲ್ಲಿನ ಆ ಅಧ್ಯಾಯದಲ್ಲಿ ‘ಗೋಗ’ನೂ ಇದ್ದಾನೆ, ‘ಗೊಗ್ಲೆದ್’ ಕೂಡ ಇದೆ. ಒಂದೇ ಬಸ್ಸಿನಲ್ಲಿ ಕೂತವರೆಲ್ಲ ನೆಂಟರಾದರೆ ನಾನೇನು ಮಾಡಲಿ?

ಇದಕ್ಕೆ ಸೇರಿಸುವ ಇನ್ನೊಂದು ಕಥೆ ಗೊಗ್‌ಮಾಗೊಗ್ ಎಂಬ ದೈತ್ಯನದು. ಮಾನ್ಮತ್‌ನ ಜೆಫ್ರಿ 12ನೇ ಶತಮಾನದಲ್ಲಿ ಲ್ಯಾಟಿನ್‌ನಲ್ಲಿ ಬರೆದ ರಾಜರ ಚರಿತ್ರೆಯಲ್ಲಿ ಈತ 12 ಮೊಳ ಎತ್ತರ. ಕೊರಿನಿಯಸ್ ಎಂಬ ವೀರನೊಂದಿಗೆ ಕುಸ್ತಿಗಿಳಿದು, ಸೋತು, ಬಂಡೆಯ ಮೇಲಿಂದ ಸಮುದ್ರಕ್ಕೆ ಬೀಳುತ್ತಾನೆ. ‘ಉತ್ತರದವರು ಇವನ ವಂಶ’ ಅನ್ನುವ ಮಹನೀಯರು ಒಮ್ಮೆ ನಕ್ಷೆ ಬಿಡಿಸಿ ನೋಡಬೇಕು. ಕುಸ್ತಿ ನಡೆದದ್ದು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಕಡೆ. ಉತ್ತರ ವೇಲ್ಸ್ ಹಾಗಿರಲಿ, ಇಡೀ ವೇಲ್ಸ್‌ಗೇ ಅದು ದಕ್ಷಿಣ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ವಿದ್ವತ್ತು ಇದು.

ಇದೆಲ್ಲ ಬೇಡ, ಪದವನ್ನೇ ಬಿಡಿಸಿ ನೋಡೋಣ. ಗೊಗ್ಲೆದ್ ಅಂದರೆ ‘ಗೊ’ ಮತ್ತು ‘ಕ್ಲೆದ್’. ‘ಗೊ’ ಅಂದರೆ ತುಸು, ಕೆಳಗಿನ ಎಂಬರ್ಥದ ಉಪಸರ್ಗ. ‘ಕ್ಲೆದ್’ ಅಂದರೆ ಹಳೆಯ ವೆಲ್ಷ್‌ನಲ್ಲಿ ಎಡ. ಹಾಗಾದರೆ ‘ಕ’ ಎಲ್ಲಿ ಹೋಯಿತು? ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣದ ಪೀರಿಯಡ್ಡಿನಲ್ಲಿ ಎಚ್ಚರವಾಗಿದ್ದವರು ಹೇಳಬಲ್ಲರು. ಮಳೆ + ಕಾಲ = ಮಳೆಗಾಲ. ಆದೇಶ ಸಂಧಿ! ಕ, ತ, ಪಗಳು ಗ, ದ, ಬಗಳಾಗುತ್ತವೆ. ವೆಲ್ಷ್‌ನಲ್ಲೂ ಇದೇ ಮೂರು ಅಕ್ಷರ ಇದೇ ರೀತಿ ಮೆತ್ತಗಾಗುತ್ತವೆ. ನಂಟೇನೂ ಇಲ್ಲ, ಎರಡು ಭಾಷೆಗಳ ನಾಲಿಗೆ ಒಂದೇ ಕಡೆ ಹೊರಳಿದೆ ಅಷ್ಟೇ.

ಅಂದರೆ ‘ಗೊಗ್’ನ ಎರಡನೆಯ ‘ಗ್’ ವೇಷ ಮರೆಸಿಕೊಂಡ ‘ಕ್’. ಕೀಲಿರುವಲ್ಲಿ ಕತ್ತರಿಸದೆ ಅರ್ಧ ಅಕ್ಷರ ಮುಂದೆ ಕೊಯ್ದಿದ್ದಾರೆ. ಮಳೆಗಾಲವನ್ನು ಯಾರೋ ಆಡುಮಾತಿನಲ್ಲಿ ‘ಮಳೆಗ್’ ಅಂತ ತುಂಡು ಮಾಡಿದರು ಅಂದುಕೊಳ್ಳಿ. ‘ಮಳೆಗ್’ ಎಂಬ ರಾಕ್ಷಸನನ್ನು ಪುರಾಣದಲ್ಲಿ ಹುಡುಕಿಕೊಂಡು ಹೋಗುತ್ತೀರಾ? ಅಂದಹಾಗೆ ವೆಲ್ಷ್‌ನಲ್ಲಿ ಕೋಗಿಲೆಗೆ ‘ಕೋಗ್’. ಅದರ ಹಿಂದೆ ಇಂಗ್ಲಿಷಿನ ‘ದಿ’ಯಂಥ ಗುರುತು ಬಂದರೆ ಅದೂ ‘ಗೋಗ್’ ಆಗುತ್ತದೆ. ಕೋಗಿಲೆಗೂ ಇದಕ್ಕೂ ಸಂಬಂಧವಿಲ್ಲ, ದಯವಿಟ್ಟು ಮುಂದಿನ ವಾರ ಅದನ್ನು ಕೇಳಬೇಡಿ.

ಉತ್ತರ ‘ಎಡ’ ಹೇಗಾಯಿತು? ಬೆಳಿಗ್ಗೆ ಸೂರ್ಯನಿಗೆ ಮುಖ ಮಾಡಿ ನಿಂತು ಎಡಗೈ ಚಾಚಿ. ಅದು ಉತ್ತರ. ಬಲಗೈ ಚಾಚಿದರೆ ದಕ್ಷಿಣ. ವೆಲ್ಷ್‌ನಲ್ಲಿ ಬಲಕ್ಕೂ ದಕ್ಷಿಣಕ್ಕೂ ‘ದೆ’ ಎಂಬ ಒಂದೇ ಮಾತು. ಇಲ್ಲಿ ಮಾತ್ರ ನಿಜವಾದ ರಕ್ತಸಂಬಂಧವಿದೆ. ಈ ‘ದೆ’, ಲ್ಯಾಟಿನ್‌ನ ‘ಡೆಕ್ಸ್‌ಟರ್’, ಸಂಸ್ಕೃತದ ‘ದಕ್ಷಿಣ’ ಮೂರೂ ಒಂದೇ ಬೇರಿನವು. ಸಂಸ್ಕೃತದಲ್ಲೂ ದಕ್ಷಿಣ ಅಂದರೆ ಬಲ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದೇ ಪ್ರದಕ್ಷಿಣೆ. ಡೆಕ್ಕನ್ ಬಂದದ್ದು ಅದೇ ಪದದಿಂದ, ನಮ್ಮ ಓಣಿಗಳಲ್ಲಿ ಕೇಳುವ ದಖನಿಗೆ ಹೆಸರು ಬಂದದ್ದೂ ಅದರಿಂದಲೇ. ವೇಲ್ಸ್‌ನಲ್ಲಿ ಎಡದವರ ಮಾತು ಗೊಗ್, ಇಲ್ಲಿ ಬಲದವರ ಮಾತು ದಖನಿ. ಈಗಿನ ವೆಲ್ಷ್‌ನಲ್ಲಿ ಎಡಕ್ಕೆ ಬೇರೆಯೇ ಪದವಿದೆ, ಹಾಗಾಗಿ ಗೊಗ್ಲೆದ್ ಅನ್ನುವಾಗ ಅಲ್ಲಿಯವರಿಗೂ ಎಡಗೈ ನೆನಪಾಗುವುದಿಲ್ಲ.

ಉತ್ತರದವರೇನು ಸುಮ್ಮನಿರುತ್ತಾರೆಯೇ? ದಕ್ಷಿಣದವರಿಗೆ ಅವರಿಟ್ಟ ಹೆಸರು ‘ಹುಂಟು’. ‘ಹುಂಟ್’ ಅಂದರೆ ಆಚೆ, ಹಾಗಾಗಿ ‘ಆಚೆ ಕಡೆಯವನು’. ಟೀ ಕುಡಿಯೋಣವೇ ಅನ್ನುವಾಗ ಗೊಗ್ ‘ಪನಡ್’ ಅಂದರೆ ಹುಂಟು ‘ಡಿಶ್‌ಗ್ಲೆಡ್’ ಅನ್ನುತ್ತಾನೆ. ಅಜ್ಜಿ ಒಬ್ಬರಿಗೆ ‘ನೈನ್’, ಇನ್ನೊಬ್ಬರಿಗೆ ‘ಮಮ್‌ಗೀ’. ಟೀ ಎರಡೂ ಕಡೆ ಒಂದೇ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕನ್ನಡದ ಸ್ವಂತ ಪದಗಳಲ್ಲಿ ದಿಕ್ಕಿಗೆ ಎಡ–ಬಲದ ಗೊಡವೆ ಇಲ್ಲ. ಸೂರ್ಯ ಮೂಡುವುದು ಮೂಡಣ, ಅವನು ಮುಳುಗುವುದು, ಅಂದರೆ ಪಡುವುದು, ಪಡುವಣ. ಉತ್ತರಕ್ಕೆ ಬಡಗು, ಯಕ್ಷಗಾನದ ಬಡಗುತಿಟ್ಟಿನಲ್ಲಿ ಇರುವುದು ಅದೇ. ಜನಕ್ಕೂ ಮಾತಿಗೂ ‘ಉತ್ತರ’ ಎಂದೇ ಹೆಸರಾದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ: ನೀಲಗಿರಿಯ ಬಡಗರು. ಕನ್ನಡಕ್ಕೆ ಬಹಳ ಹತ್ತಿರದ ಅವರ ಮಾತೂ ಬಡಗ. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರನ್ನು ಬೆಟ್ಟದವರ ಲೆಕ್ಕದಲ್ಲಿ ಹೀಗೆ ಕರೆದದ್ದು. ಮೈಸೂರಿನಲ್ಲಿ ಕೂತು ನೋಡಿದರೆ ಈ ‘ಉತ್ತರದವರು’ ಇರುವುದು ನಮಗೆ ದಕ್ಷಿಣದಲ್ಲಿ.