ಡೀಸೆಲ್ ಕಾರಿನ ಕೂಲೆಂಟ್ ಕಡಿಮೆಯಾಗಿದೆ, ನೀರು ಹಾಕಬಹುದಾ?

ಪ್ರಶ್ನೆ: ನಮ್ಮದು ಹತ್ತು ವರ್ಷ ದಾಟಿದ ಡೀಸೆಲ್ ಕಾರು. ಕೂಲೆಂಟ್ ಬಾಟಲ್‌ನಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಇಳಿದಿದೆ. ನಲ್ಲಿ ನೀರು ಹಾಕಿದರೆ ನಡೆಯುತ್ತಾ? ಅಂಗಡಿಯಲ್ಲಿ ಹಸಿರು, ಕೆಂಪು, ನೀಲಿ ಎಲ್ಲಾ ಇವೆ. ಯಾವುದು ತರಬೇಕು?

ಉತ್ತರ: ದಾರಿ ಮಧ್ಯೆ ಸಿಕ್ಕಿಹಾಕಿಕೊಂಡು ಬೇರೇನೂ ಸಿಗದಿದ್ದರೆ ಖಂಡಿತ ಹಾಕಿ. ಇಂಜಿನ್ ತಂಪಾಗಿಡುವ ದ್ರವವೇ ಕೂಲೆಂಟ್, ಅದು ಖಾಲಿಯಾದ ಇಂಜಿನ್ ಓಡಿಸುವುದಕ್ಕಿಂತ ಕುಡಿಯುವ ನೀರಿನ ಬಾಟಲ್ ಸುರಿಯುವುದು ಎಷ್ಟೋ ವಾಸಿ. ಆದರೆ ಮನೆ ಮುಂದೆ ಆರಾಮಾಗಿ ನಿಂತ ಕಾರಿಗೆ ನಲ್ಲಿ ನೀರು ಬೇಡ. ಬೋರ್‌ವೆಲ್ ನೀರಂತೂ ಬೇಡವೇ ಬೇಡ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ನೀರು ಕಾಯಿಸುವ ಪಾತ್ರೆಯ ತಳ ನೋಡಿದ್ದೀರಲ್ಲ, ಬಿಳಿ ಪೊರೆ ಕಟ್ಟಿರುತ್ತದೆ. ಅದೇ ಪೊರೆ ಇಂಜಿನ್ನಿನ ಒಳಗೂ, ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕಟ್ಟಿದ ಮೇಲೆ ಶಾಖ ಹೊರಗೆ ಹೋಗುವುದಿಲ್ಲ.

ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲವಲ್ಲ, ಕೂಲೆಂಟ್ ಯಾಕೆ ಎಂದು ಕೇಳುವವರಿದ್ದಾರೆ. ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಕೆಲಸ ಅಷ್ಟೇ. ಸಾಮಾನ್ಯವಾಗಿ ಅರ್ಧ ಶುದ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್, ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳು ಸೇರಿ ಕೂಲೆಂಟ್ ಆಗುತ್ತದೆ. ಹಳೆಯ ಡೀಸೆಲ್ ಇಂಜಿನ್‌ಗಳಲ್ಲಿ ಬ್ಲಾಕ್ (ಇಂಜಿನ್ನಿನ ಮುಖ್ಯ ಭಾಗ) ಎರಕದ ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಹೆಚ್ಚಾಗಿ ಅಲ್ಯೂಮಿನಿಯಂನದ್ದು. ಎರಡೂ ತಿಂದುಹೋಗದಂತೆ ಕಾಯುವುದು ಆ ರಾಸಾಯನಿಕಗಳೇ. ಬರೀ ನೀರು 100 ಡಿಗ್ರಿಗೆ ಕುದಿದರೆ ಈ ಮಿಶ್ರಣ 106 ಡಿಗ್ರಿ ದಾಟಿ ಕುದಿಯುತ್ತದೆ. ಬಿಗಿ ಮುಚ್ಚಳದ ಒತ್ತಡ ಸೇರಿದರೆ 120 ಡಿಗ್ರಿ ದಾಟಿದರೂ ಕುದಿಯದೆ ತಡೆಯುತ್ತದೆ.

ಬಣ್ಣ ನೋಡಿ ಮಾತ್ರ ಕೊಳ್ಳಬೇಡಿ. ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಒಂದು ಕಂಪನಿಯ ಹಸಿರು, ಇನ್ನೊಂದರ ಹಸಿರು ಬೇರೆ ಬೇರೆ ಜಾತಿ ಇರಬಹುದು. ಒಗ್ಗದ ಎರಡು ಬಗೆ ಬೆರೆತರೆ ತುಕ್ಕು ತಡೆಯುವ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಒಳಗೆ ಲೋಳೆಯಂತೆ ಗಟ್ಟಿಯೂ ಆಗುತ್ತದೆ. ಕಾರಿನ ಪುಸ್ತಕದಲ್ಲಿ ಯಾವ ಬಗೆ ಎಂದು ಬರೆದಿದೆಯೋ ಅದನ್ನೇ ತನ್ನಿ. ಡಬ್ಬಿ ಮೇಲೆ ‘ಕಾನ್ಸಂಟ್ರೇಟ್’ ಎಂದಿದ್ದರೆ ಡಿಸ್ಟಿಲ್ಡ್ ವಾಟರ್ ಬೆರೆಸಿಯೇ ಹಾಕಬೇಕು. ‘ರೆಡಿ ಟು ಯೂಸ್’ ಎಂದಿದ್ದರೆ ನೇರವಾಗಿ ಹಾಕಿ.

ಸೆಕೆಂಡ್ ಹ್ಯಾಂಡ್ ಕಾರು, ಪುಸ್ತಕ ಇಲ್ಲ, ಒಳಗೆ ಏನಿದೆಯೋ ಗೊತ್ತಿಲ್ಲ ಅಂದರೆ? ಕಾಲು ಅಥವಾ ಅರ್ಧ ಲೀಟರ್ ಕಡಿಮೆ ಇದ್ದರೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಹಾಕಿ. ಸದ್ಯಕ್ಕೆ ಅದೇ ಕ್ಷೇಮ. ಬ್ಯಾಟರಿ ಆಸಿಡ್ ಕೊಟ್ಟುಬಿಟ್ಟಾರು, ಲೇಬಲ್ ಓದಿ ತನ್ನಿ. ಆಮೇಲೆ ಬಿಡುವಾದಾಗ ಹಳೆಯದನ್ನೆಲ್ಲ ಇಳಿಸಿ, ತೊಳೆಸಿ, ಹೊಸ ಕೂಲೆಂಟ್ ತುಂಬಿಸಿ.

ಹಾಕುವ ಕೆಲಸ ಸುಲಭ, ಆದರೆ ಒಂದು ವಿಷಯದಲ್ಲಿ ಅವಸರ ಬೇಡ. ಬಿಸಿ ಇಂಜಿನ್‌ನ ಮುಚ್ಚಳ ತೆಗೆದರೆ ಒತ್ತಡ ಇಳಿದು ಒಳಗಿನದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬೆಳಗ್ಗೆ ಕಾರು ತೆಗೆಯುವ ಮೊದಲೇ ನೋಡುವುದು ಒಳ್ಳೆಯದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ. ಎರಡು ಗೆರೆಗಳ ನಡುವೆ ಬರುವಷ್ಟು ಹಾಕಿದರೆ ಸಾಕು, ಬಿಸಿಯಾದಾಗ ಅದು ಹಿಗ್ಗಬೇಕಲ್ಲ. ಕ್ವಾಲಿಸ್‌ನಂಥ ಗಾಡಿಯಲ್ಲಿ ರೇಡಿಯೇಟರ್ ಮೇಲೆಯೇ ಬೇರೆ ಮುಚ್ಚಳ ಇರುತ್ತದೆ. ಅಲ್ಲಿ ಬಾಟಲ್ ಖಾಲಿಯಾಗಿದ್ದರೆ ರೇಡಿಯೇಟರ್ ತುಂಬಿದೆಯೇ ಎಂದೂ ನೋಡಿ.

ಈಗ ನೀವು ಕೇಳದ ಪ್ರಶ್ನೆಗೆ ಬರುತ್ತೇನೆ. ನನಗೆ ಇದೇ ಮುಖ್ಯ. ಇದ್ದ ಕೂಲೆಂಟ್ ಎಲ್ಲಿ ಹೋಯಿತು? ಅದು ಡೀಸೆಲ್‌ನಂತೆ ಉರಿದು ಮುಗಿಯುವ ವಸ್ತುವಲ್ಲ. ವರ್ಷಕ್ಕೆ ಸ್ವಲ್ಪ ಇಳಿಯಬಹುದು. ತುಂಬಿದ ಮಟ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಕೆಲವೇ ವಾರಗಳಲ್ಲಿ ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ. ಹೋಸ್ ಪೈಪಿನ ಕ್ಲಿಪ್ ಹತ್ತಿರ, ವಾಟರ್ ಪಂಪ್ ಕೆಳಗೆ, ರೇಡಿಯೇಟರ್ ಅಂಚಿನಲ್ಲಿ ಒಣಗಿದ ಬಣ್ಣದ ಕಲೆ ಇದೆಯಾ ನೋಡಿ. ಕಾರಿನೊಳಗೆ ಸಿಹಿ ವಾಸನೆ ಬಂದು ಕಾಲ ಕೆಳಗಿನ ಮ್ಯಾಟ್ ಒದ್ದೆಯಾಗಿದ್ದರೆ ಬಿಸಿ ಕೂಲೆಂಟ್ ಹರಿಯುವ ಹೀಟರ್ ಕಡೆ ಅನುಮಾನ ಪಡಿ. ಮುಚ್ಚಳದ ರಬ್ಬರ್ ಸವೆದರೂ ಕೂಲೆಂಟ್ ಹೊರಗೆ ಹೋಗುತ್ತದೆ. ಇದು ಕಡಿಮೆ ಖರ್ಚಿನ ರಿಪೇರಿ, ಮೊದಲು ಇದನ್ನೇ ಬದಲಿಸಿ ನೋಡಿ. ಹೊಸದರ ಮೇಲೂ ಹಳೆಯದರ ಒತ್ತಡದ ಸಂಖ್ಯೆಯೇ ಇರಬೇಕು.

ಹೊರಗೆ ಎಲ್ಲೂ ಸೋರಿಕೆ ಕಾಣದೆ ಮಟ್ಟ ಮಾತ್ರ ಇಳಿಯುತ್ತಿದ್ದರೆ ಹುಷಾರಾಗಿರಿ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ, ಬಾಟಲ್‌ನಲ್ಲಿ ನಿಲ್ಲದ ಗುಳ್ಳೆ, ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಹಾಲು ಬೆರೆಸಿದ ಬಣ್ಣ ಕಂಡರೆ ಬ್ಲಾಕ್ ಮತ್ತು ಹೆಡ್ ನಡುವಿನ ಪದರ, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ. ಇಜಿಆರ್ ಕೂಲರ್ (ಇಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ಕೂಲೆಂಟ್‌ನಿಂದ ತಣಿಸುವ ಭಾಗ) ಇರುವ ಗಾಡಿಯಲ್ಲಿ ಅದು ಒಳಗೇ ಸೋರಿದರೂ ಬಿಳಿ ಹೊಗೆ ಬರಬಹುದು. ಆಗ ದಿನಾ ಸುಮ್ನೆ ತುಂಬಿಸಿಕೊಂಡು ಓಡಿಸಬೇಡಿ, ಮೆಕ್ಯಾನಿಕ್ ಹತ್ತಿರ ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ಸೋರಿಕೆ ಹುಡುಕುವ ಪರೀಕ್ಷೆ) ಮಾಡಿಸಿ. ಶಿರಾಡಿ, ಚಾರ್ಮಾಡಿಯಂಥ ಘಾಟಿ ಹತ್ತುವಾಗ ಇಂಜಿನ್ ಶಾಖದ ಮೀಟರ್ ಮೇಲೇರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ನಿಲ್ಲಿಸಿ. ಮುಳ್ಳು ಕೆಂಪು ಗೆರೆ ಮುಟ್ಟಿದ್ದರೆ ಇಂಜಿನ್ ಆಫ್ ಮಾಡಿ, ಗಾಡಿಯನ್ನು ಟೋ ಮಾಡಿಸಿ.